ತೀವ್ರ ಶೀತದಲ್ಲಿ ಬಿಡುತ್ತಿದ್ದ ಅಂಟು ಜೋಡಣೆ: ನನ್ನ ಅನುಭವ

ಬಳ್ಳಾರಿಯ ನಮ್ಮ ವರ್ಕ್‌ಶಾಪಿಗೆ ರಿಪೇರಿಗೆಂದು ಬಂದ ಕಾರ್ಬನ್ ಫೈಬರ್ ಕೊಳವೆಯ ತುದಿಗೆ ಅಲ್ಯೂಮಿನಿಯಂ ಬಿರಡೆಯೊಂದನ್ನು ಎಪಾಕ್ಸಿಯಿಂದ ಅಂಟಿಸಲಾಗಿತ್ತು. ನಮ್ಮೂರಿನ ಬೇಸಿಗೆಯಲ್ಲೂ ಅಲುಗದ ಆ ಜೋಡಣೆ, ದ್ರವ ಸಾರಜನಕದ ಮೈನಸ್ 196 ಡಿಗ್ರಿಗೆ ಇಳಿದಾಗ ಅಂಚಿನಿಂದ ಬಿಡುತ್ತಿತ್ತು.

ಕೋಣೆಯ ತಾಪಮಾನದಿಂದ ಅಲ್ಲಿಯವರೆಗೆ ತಣಿದಾಗ 50 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಸುಮಾರು 0.2 ಮಿ.ಮೀ. ಕುಗ್ಗುತ್ತದೆ, ಕಾರ್ಬನ್ ಫೈಬರ್ ಎಳೆಯ ದಿಕ್ಕಿನಲ್ಲಿ ಬಹುತೇಕ ಕುಗ್ಗುವುದೇ ಇಲ್ಲ. ಹೀಗಾಗಿ ಬಿರಡೆಯು ಕೊಳವೆಯ ಗೋಡೆಯಿಂದ ಒಳಮುಖವಾಗಿ ಸರಿಯುತ್ತದೆ, ಅಷ್ಟರಲ್ಲಿ ಬಾಗುವ ಗುಣ ಕಳೆದುಕೊಂಡು ಪೆಡಸಾದ ಎಪಾಕ್ಸಿ ಆ ಸೆಳೆತವನ್ನೆಲ್ಲ ಹೊರಬೇಕಾಗುತ್ತದೆ. ಇನ್ನೂ ಗಟ್ಟಿಯಾದ ಅಂಟು ಹಚ್ಚಿ ಎಂಬ ಸಲಹೆ ಇಲ್ಲಿ ನಿರುಪಯೋಗಿ ಎಂಬುದು ನನ್ನ ಅಭಿಪ್ರಾಯ.

ಬಿರಡೆಯನ್ನು ಕೈಬಿಟ್ಟು, ಗಾಡಿಯ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸುವಂತೆ, ಕೊಳವೆಯ ಹೊರಮೈಗೆ ಅಲ್ಯೂಮಿನಿಯಂ ಉಂಗುರವನ್ನು ಕೂರಿಸಿದೆ. ಈಗ ಲೋಹದ ಕುಗ್ಗುವಿಕೆ ಅಂಟನ್ನು ಎಳೆಯುವ ಬದಲು ಅದುಮುತ್ತದೆ. ಆದರೂ ಉದ್ದದ ದಿಕ್ಕಿನ ಜಾರು ಒತ್ತಡ ಉಳಿಯುತ್ತದೆ, ಮತ್ತು ಅದು ತುದಿಗಳಲ್ಲೇ ಹೆಚ್ಚು ತೀವ್ರ. ಆದ್ದರಿಂದ ಉಂಗುರದ ಅಂಚನ್ನು ಲೇತ್‌ನಲ್ಲಿ ಇಳಿಜಾರಾಗಿ ತೆಳುಗೊಳಿಸಿ, ಶೀತದಲ್ಲಿ ಎಪಾಕ್ಸಿಗಿಂತ ಹೆಚ್ಚು ಬಾಗುವ ಪಾಲಿಯುರೆಥೇನ್ ಅಂಟನ್ನು ಬಳಸಿದೆ. ನಡುವೆ ಇಟ್ಟ ತೆಳುವಾದ ಗಾಜಿನ ಎಳೆಯ ಬಟ್ಟೆ ಅಂಟಿನ ದಪ್ಪವನ್ನು ಸಮವಾಗಿರಿಸುತ್ತದೆ. ಕಾರ್ಬನ್ ತಾಗಿ ಅಲ್ಯೂಮಿನಿಯಂ ತುಕ್ಕು ಹಿಡಿದು ಸವೆಯುವುದನ್ನೂ ಅದು ತಪ್ಪಿಸುತ್ತದೆ.

ದ್ರವದಲ್ಲಿ ಮುಳುಗಿಸುವ ಮೊದಲು ಅದರ ಆವಿಯಲ್ಲಿ ನಿಧಾನವಾಗಿ ತಣಿಸಿದೆ. ಜೋಡಣೆ ಬಿಡಲಿಲ್ಲ. ಉಂಗುರವನ್ನು ಅತಿಯಾಗಿ ದಪ್ಪ ಮಾಡಬಾರದು, ಏಕೆಂದರೆ ಅದರ ಬಿಗಿತಕ್ಕೆ ತೆಳುಗೋಡೆಯ ಕೊಳವೆ ಒಳಕ್ಕೆ ಕುಸಿಯಬಹುದು.