ಐರ್ಲೆಂಡಿನ ಚರ್ಚ್ ರಿಜಿಸ್ಟರು ನಕಲು ಮಾಡುವ ಬಗೆ

ಐರ್ಲೆಂಡಿನಲ್ಲಿ ಬೇರಿರುವ ಕುಟುಂಬದ ವಂಶಾವಳಿ ಹುಡುಕುವವರು 1864ಕ್ಕಿಂತ ಹಿಂದೆ ಹೋಗಬೇಕಾದರೆ ಬಹುಮಟ್ಟಿಗೆ ಕ್ಯಾಥೊಲಿಕ್ ಧರ್ಮಕೇಂದ್ರಗಳ (ಒಂದು ಚರ್ಚಿನ ಆಡಳಿತಕ್ಕೆ ಸೇರಿದ ಸೀಮೆಗಳ) ಜ್ಞಾನಸ್ನಾನ (ಬ್ಯಾಪ್ಟಿಸಂ) ಮತ್ತು ಮದುವೆಯ ರಿಜಿಸ್ಟರುಗಳನ್ನೇ ನಂಬಬೇಕು. ಜನನ ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದೇ ಆ ವರ್ಷ. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳಲ್ಲಿ ಬಹುಪಾಲು 1922ರ ಜೂನ್‌ನಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದಲ್ಲಿದ್ದ ದಾಖಲೆ ಕಚೇರಿಯ ಜೊತೆಗೇ ಉರಿದುಹೋದವು. ಅದರ ನಂತರದ ನಾಲ್ಕು ಗಣತಿಗಳ ಹಾಳೆಗಳನ್ನು ಸರ್ಕಾರವೇ ನಾಶ ಮಾಡಿತ್ತು. ಕ್ಯಾಥೊಲಿಕ್ ರಿಜಿಸ್ಟರುಗಳು ಪಾದ್ರಿಗಳ ಮನೆಯಲ್ಲೇ ಇದ್ದದ್ದರಿಂದ ಉಳಿದವು. ನ್ಯಾಷನಲ್ ಲೈಬ್ರರಿ ಆಫ್ ಐರ್ಲೆಂಡ್ ಅವುಗಳ ಮೈಕ್ರೋಫಿಲ್ಮ್ ತೆಗೆದಿಟ್ಟುಕೊಂಡು 2015ರ ಜುಲೈನಲ್ಲಿ ಚಿತ್ರಗಳನ್ನು ಉಚಿತವಾಗಿ ಆನ್‌ಲೈನ್‌ಗೆ ಹಾಕಿತು. ಹೆಚ್ಚಿನವು 1880ರ ಹೊತ್ತಿಗೆ ನಿಲ್ಲುತ್ತವೆ.

(ಬೆಂಗಳೂರು ಕಂಟೋನ್ಮೆಂಟಿನಲ್ಲಿದ್ದ ಐರಿಶ್ ಸಿಪಾಯಿಗಳ ಮಕ್ಕಳನ್ನು ಇಲ್ಲಿ ಹುಡುಕಿ ಪ್ರಯೋಜನವಿಲ್ಲ. ಮದ್ರಾಸ್ ಪ್ರೆಸಿಡೆನ್ಸಿಯಿಂದ ಹೋದ ಚರ್ಚ್ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿಯಲ್ಲಿವೆ.)

ಹೊಸ ಧರ್ಮಕೇಂದ್ರದ ಪುಸ್ತಕ ಕೈಗೆತ್ತಿಕೊಂಡಾಗ ನಾನು ತಕ್ಷಣ ನಕಲು ಶುರು ಮಾಡುವುದಿಲ್ಲ. ಮೊದಲು ಆ ಸೀಮೆಯ ಟೌನ್‌ಲ್ಯಾಂಡ್‌ಗಳ ಪಟ್ಟಿ ಮಾಡಿಕೊಳ್ಳುತ್ತೇನೆ. ಟೌನ್‌ಲ್ಯಾಂಡ್ ಅಂದರೆ ಅಲ್ಲಿನ ಅತಿ ಚಿಕ್ಕ ಭೂವಿಭಾಗ, ದೇಶದ ತುಂಬ ಅರವತ್ತು ಸಾವಿರಕ್ಕೂ ಹೆಚ್ಚಿವೆ. ಒಂದು ವಿಷಯ ಗಮನದಲ್ಲಿರಲಿ: ಕ್ಯಾಥೊಲಿಕ್ ಧರ್ಮಕೇಂದ್ರದ ಗಡಿಯೇ ಬೇರೆ, ಸರ್ಕಾರಿ ಪ್ಯಾರಿಷ್‌ನ (ಸರ್ಕಾರ ತನ್ನ ದಾಖಲೆಗಳಿಗೆ ಬಳಸುತ್ತಿದ್ದ ಭೂವಿಭಾಗದ) ಗಡಿಯೇ ಬೇರೆ. ಒಂದು ಧರ್ಮಕೇಂದ್ರದೊಳಗೆ ಎರಡು ಮೂರು ಸರ್ಕಾರಿ ಪ್ಯಾರಿಷ್‌ಗಳು ಬರುವುದು ಮಾಮೂಲು. ಅಷ್ಟೂ ಹೆಸರು ಪಟ್ಟಿಯಲ್ಲಿರಬೇಕು. ಜೊತೆಗೆ 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಭೂಮೌಲ್ಯಮಾಪನದಿಂದ (ತೆರಿಗೆಗಾಗಿ ಜಮೀನು, ಮನೆ ಹಿಡಿದವರ ಹೆಸರು ಪಟ್ಟಿ ಮಾಡಿದ ಸರ್ಕಾರಿ ದಾಖಲೆಯಿಂದ) ಆ ಊರುಗಳ ಮನೆತನದ ಹೆಸರುಗಳನ್ನೂ ಬರೆದುಕೊಳ್ಳುತ್ತೇನೆ. ಶಾಯಿ ಮಾಸಿದ ಕಡೆ ಮೂರು ಅಕ್ಷರ ಮಾತ್ರ ಕಂಡಾಗ ಈ ಎರಡು ಪಟ್ಟಿಗಳು ಕೆಲಸಕ್ಕೆ ಬರುತ್ತವೆ.

ಎರಡನೆಯದು ಪಾದ್ರಿಯ ಕೈಬರಹ. ಅಕ್ಷರ ಓದಲು ಕಲಿಯಬೇಕಾದದ್ದು ಮದುವೆ, ಜ್ಞಾನಸ್ನಾನಗಳ ಸಿದ್ಧ ವಾಕ್ಯಗಳಿಂದ, ಹೆಸರುಗಳಿಂದಲ್ಲ. ಪ್ರತಿ ಸಾಲಿನಲ್ಲೂ ಅದೇ ಪದಗಳು ಬರುತ್ತವೆ, ತಿಂಗಳುಗಳು ಗೊತ್ತಿರುವ ಹನ್ನೆರಡೇ. ಅವುಗಳಿಂದ ಆ ಕೈಯ ಒಂದೊಂದು ಅಕ್ಷರವನ್ನೂ ಹೆಕ್ಕಿ ಒಂದು ಹಾಳೆಯಲ್ಲಿ ಚಿತ್ರದ ತುಣುಕುಗಳಾಗಿ ಅಂಟಿಸಿಕೊಳ್ಳುತ್ತೇನೆ. ಕ್ಯಾಪಿಟಲ್ ಎಲ್, ಎಸ್, ಟಿ ಒಂದರ ಹಾಗೆ ಇನ್ನೊಂದು ಕಾಣುತ್ತವೆ. ಎನ್, ಯು, ವಿ ಕೂಡ ಹಾಗೆಯೇ. ಜೋಡಿ ಎಸ್ ಬಂದಾಗ ಮೊದಲನೆಯದನ್ನು ಉದ್ದಕ್ಕೆ ಎಳೆಯುವ ರೂಢಿಯಿತ್ತು, ಅದು ಎಫ್ ಥರ ಕಾಣುತ್ತದೆ. ರಾಸ್ ಎಂಬ ಮನೆತನ ಹಲವು ಸೂಚಿಗಳಲ್ಲಿ ರಾಫ್ಸ್ ಆಗುವುದು ಹೀಗೆ. ಪಾದ್ರಿ ಬದಲಾದ ಕೂಡಲೇ ಹೊಸ ಹಾಳೆ.

ಭಾಷೆ ಕೆಲವೆಡೆ ಇಂಗ್ಲಿಷ್, ಕೆಲವೆಡೆ ಲ್ಯಾಟಿನ್. ಲ್ಯಾಟಿನ್ ಸಾಲುಗಳಲ್ಲಿ ಹೊಸಬರು ಎಡವುವುದು ವಿಭಕ್ತಿಯಲ್ಲಿ. ಪಾದ್ರಿ "ಇಂಥವನಿಗೆ ಜ್ಞಾನಸ್ನಾನ ಕೊಟ್ಟೆ" ಎಂದು ಬರೆಯುವಾಗ ಮಗುವಿನ ಹೆಸರು ದ್ವಿತೀಯಾ ವಿಭಕ್ತಿಯಲ್ಲಿರುತ್ತದೆ, ಅಪ್ಪ ಅಮ್ಮನ ಹೆಸರು ಷಷ್ಠಿಯಲ್ಲಿ. ಮಗು ಜಾನ್ ಆದರೆ ಯೊವಾನ್ನೆಮ್, ಅಪ್ಪ ಜಾನ್ ಆದರೆ ಯೊವಾನ್ನಿಸ್. ಜೇಮ್ಸನ ಮಗ ಎನ್ನಲು ಯಾಕೋಬಿ. ಪ್ರತ್ಯಯ ಗೊತ್ತಿದ್ದರೆ ಕಲೆ ಬಿದ್ದ ಸಾಲಿನಲ್ಲೂ ಯಾರು ಮಗು, ಯಾರು ತಂದೆ ಎಂದು ಹೇಳಬಹುದು. ಹೆಸರುಗಳ ಜೋಡಿಯೂ ನೇರವಲ್ಲ. ಗುಲಿಯೆಲ್ಮುಸ್ ವಿಲಿಯಂ ಎನ್ನುವುದು ಸುಲಭ. ಥಡ್ಡೇಯುಸ್ ಎಂದಿದ್ದವನನ್ನು ಮನೆಯಲ್ಲಿ ಟಿಮೊತಿ ಎನ್ನುತ್ತಿದ್ದಿರಬಹುದು, ಯೂಜೀನಿಯುಸ್ ಓವನ್ ಆಗಿರಬಹುದು. ಹೆಲೆನಾ ಮುಂದೆ ಎಲೆನ್ ಆಗಿ ಬರುತ್ತಾಳೆ, ಹೊನೋರಾ ನೋರಾ ಆಗಿ.

ತಿಂಗಳಲ್ಲಿ ಒಂದು ಗುಂಡಿಯಿದೆ. ಲ್ಯಾಟಿನ್ ಅಂಕಿಗಳಿಂದ ಬಂದ ತಿಂಗಳ ಹೆಸರುಗಳನ್ನು ಪಾದ್ರಿಗಳು ಅಂಕಿ ಹಾಕಿ ಚುಟುಕು ಮಾಡುತ್ತಿದ್ದರು. 7ಬ್ರಿಸ್ ಎಂದರೆ ಜುಲೈ ಅಲ್ಲ, ಸೆಪ್ಟೆಂಬರ್ (ಸೆಪ್ಟೆಮ್ ಅಂದರೆ ಏಳು). 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್, 10ಬ್ರಿಸ್ ಅಥವಾ ಎಕ್ಸ್‌ಬ್ರಿಸ್ ಡಿಸೆಂಬರ್. ಹಿಂದಿನ ಮುಂದಿನ ಸಾಲುಗಳ ತಾರೀಖು ನೋಡಿದರೆ ತಪ್ಪು ತಾನಾಗಿ ಗೊತ್ತಾಗುತ್ತದೆ. ಮದುವೆಗಳಿಗೆ ಇನ್ನೊಂದು ಪರೀಕ್ಷೆ ಇದೆ: ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮದುವೆ ಆಗುತ್ತಿರಲಿಲ್ಲ, ಅದು ಶುರುವಾಗುವ ಮುಂಚಿನ ಕೆಲವು ವಾರಗಳಲ್ಲಿ ಸಾಲುಗಟ್ಟಿ ಆಗುತ್ತಿದ್ದವು. ನಕಲಿನಲ್ಲಿ ತಪಸ್ಸುಕಾಲದ ನಡುವೆ ಐದಾರು ಮದುವೆ ಬಂದರೆ ತಿಂಗಳನ್ನೋ ವರ್ಷವನ್ನೋ ತಪ್ಪಾಗಿ ಓದಿದ್ದೇನೆ ಎಂದೇ ಲೆಕ್ಕ.

ನಕಲನ್ನು ಸ್ಪ್ರೆಡ್‌ಶೀಟಿನಲ್ಲಿ ಮಾಡುತ್ತೇನೆ. ತಾರೀಖಿಗೆ ಒಂದೇ ಕಾಲಂ ಬೇಡ. ವರ್ಷ, ತಿಂಗಳು, ದಿನ ಬೇರೆ ಬೇರೆ. ಎಕ್ಸೆಲ್‌ನ ತಾರೀಖುಗಳು 1900ರಿಂದ ಶುರು, ಅದಕ್ಕಿಂತ ಹಿಂದಿನದನ್ನು ಅದು ಬರೀ ಅಕ್ಷರವೆಂದು ತಿಳಿದು ಅಡ್ಡಾದಿಡ್ಡಿ ಜೋಡಿಸುತ್ತದೆ. ಪ್ರತಿ ಹೆಸರಿಗೂ ಎರಡು ಕಾಲಂ: ಪುಟದಲ್ಲಿ ಇದ್ದ ಹಾಗೆ ಒಂದು, ಹುಡುಕಾಟಕ್ಕೆ ಸರಿಪಡಿಸಿದ ರೂಪ ಇನ್ನೊಂದು. ಮೊದಲನೆಯದರಲ್ಲಿ ಕೈಯಾಡಿಸುವ ಹಾಗಿಲ್ಲ. ಮನೆತನದ ಹೆಸರಿನ ಮೊದಲಿಗೆ ಬರುವ ಓ, ಮ್ಯಾಕ್ ಮುಂತಾದ ಪೂರ್ವಪದಗಳನ್ನು ಜನ ಬಿಟ್ಟರು, ಹತ್ತೊಂಬತ್ತನೇ ಶತಮಾನದ ಕೊನೆಗೆ ಮತ್ತೆ ಸೇರಿಸಿಕೊಂಡರು. ಪುಟದಲ್ಲಿ ಸಲ್ಲಿವನ್ ಎಂದಿದ್ದರೆ ಸಲ್ಲಿವನ್ನೇ, ಓ'ಸಲ್ಲಿವನ್ ಅಲ್ಲ. ಸಂಕ್ಷೇಪ ಬಿಡಿಸಿದ್ದನ್ನು ಚೌಕ ಕಂಸದಲ್ಲಿ ಹಾಕುತ್ತೇನೆ, ಅನುಮಾನಕ್ಕೆ ಪ್ರಶ್ನಾರ್ಥಕ, ಓದಲಾಗದ್ದಕ್ಕೆ ಚುಕ್ಕಿಗಳು. ಊಹಿಸಿ ತುಂಬಿದ ಹೆಸರು ಖಾಲಿ ಬಿಟ್ಟ ಜಾಗಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ, ಯಾಕೆಂದರೆ ಖಾಲಿ ಜಾಗ ಕಂಡವರು ಚಿತ್ರ ತೆಗೆದು ನೋಡುತ್ತಾರೆ. ಅದಕ್ಕಾಗಿಯೇ ಮೈಕ್ರೋಫಿಲ್ಮ್ ಸಂಖ್ಯೆ, ಪುಟದ ಸಂಖ್ಯೆ ಪ್ರತಿ ಸಾಲಿನಲ್ಲೂ ಇರಬೇಕು.

ಜ್ಞಾನತಂದೆ, ಜ್ಞಾನತಾಯಿಯರ (ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರ) ಹೆಸರನ್ನು ಬಿಡುವವರಿದ್ದಾರೆ. ನನ್ನ ಪ್ರಕಾರ ಅದು ಅರ್ಧ ಕೆಲಸ. ಒಂದೇ ಧರ್ಮಕೇಂದ್ರದಲ್ಲಿ ಒಂದೇ ಹೆಸರಿನ ಎರಡು ಮೂರು ದಂಪತಿಗಳಿರುವುದು ಕಾರ್ಕ್, ಕೆರಿ ಕಡೆ ಮಾಮೂಲು. ಅವರನ್ನು ಬೇರ್ಪಡಿಸಲು ಉಳಿಯುವುದು ಊರು ಮತ್ತು ಈ ಇಬ್ಬರು. ಅವರು ಹೆಚ್ಚಾಗಿ ಅಣ್ಣ ತಮ್ಮ, ಅಕ್ಕ ತಂಗಿ, ನೆರೆಯವರು. ಅದೇ ಸೀಮೆಯಲ್ಲಿ ಸಲ್ಲಿವನ್ ಮನೆತನದ ಕವಲುಗಳಿಗೆ ಅಡ್ಡಹೆಸರುಗಳಿದ್ದವು, ಅವೂ ರಿಜಿಸ್ಟರಿಗೆ ಬರುತ್ತವೆ. ಅವನ್ನು ಊರಿನ ಹೆಸರೆಂದು ಆ ಕಾಲಂಗೆ ತಳ್ಳಬಾರದು.

ಮದುವೆಯ ಸಾಲಿನಲ್ಲಿ ರಕ್ತಸಂಬಂಧದ ವಿನಾಯಿತಿ (ಹತ್ತಿರದ ನೆಂಟರು ಮದುವೆಯಾಗಲು ಚರ್ಚ್ ಕೊಡುವ ಅನುಮತಿ) ಇದ್ದರೆ ಅಕ್ಷರ ಬಿಡದೆ ಎತ್ತಿಕೊಳ್ಳಿ. ಎರಡನೇ ದರ್ಜೆ ಎಂದರೆ ವಧೂವರರು ಒಡಹುಟ್ಟಿದವರ ಮಕ್ಕಳು, ಮೂರನೇ ದರ್ಜೆ ಎಂದರೆ ಒಡಹುಟ್ಟಿದವರ ಮೊಮ್ಮಕ್ಕಳು. ರಿಜಿಸ್ಟರೇ ಶುರುವಾಗದ ಕಾಲದ ಮುತ್ತಜ್ಜನ ಸುಳಿವು ಈ ಒಂದು ಅಂಕಿಯಲ್ಲಿ ಸಿಗುತ್ತದೆ. ಅಂಚಿನ ಟಿಪ್ಪಣಿಗಳೂ ಹಾಗೆಯೇ: 1908ರ ಈಸ್ಟರ್‌ನಿಂದ ಜಾರಿಗೆ ಬಂದ ನಿಯಮದಂತೆ ಮದುವೆಯಾದವರ ಜ್ಞಾನಸ್ನಾನದ ಸಾಲಿನ ಪಕ್ಕದಲ್ಲಿ ಮದುವೆಯನ್ನೂ ಬರೆಯಬೇಕಿತ್ತು. ಆದ್ದರಿಂದ 1870ರ ದಶಕದ ಮಗುವಿನ ಹೆಸರಿನ ಪಕ್ಕ ನ್ಯೂಯಾರ್ಕಿನ ಚರ್ಚೊಂದರ ಹೆಸರು ಸಿಗಬಹುದು.

1864ರ ನಂತರದ ಸಾಲುಗಳನ್ನು ಸರ್ಕಾರಿ ಜನನ ದಾಖಲೆಗೆ ಹೋಲಿಸುವಾಗ ಜ್ಞಾನಸ್ನಾನವೇ ಜನನಕ್ಕಿಂತ ಮುಂಚೆ ಆದಂತೆ ಕಾಣುವುದುಂಟು. ತಡವಾಗಿ ನೋಂದಾಯಿಸಿದರೆ ದಂಡ ಬೀಳುತ್ತಿದ್ದರಿಂದ ಅಪ್ಪ ಅಮ್ಮ ಕಚೇರಿಯಲ್ಲಿ ಹುಟ್ಟಿದ ದಿನವನ್ನು ಮುಂದಕ್ಕೆ ಹಾಕಿ ಹೇಳುತ್ತಿದ್ದರು. ಎರಡು ತಾರೀಖನ್ನೂ ಇದ್ದಂತೆಯೇ ಇಟ್ಟು ಷರಾ ಕಾಲಂನಲ್ಲಿ ಒಂದು ಗುರುತು ಹಾಕುತ್ತೇನೆ.