ತೊಗರಿನ ನೀರು, ಜಿಂಕ್ ಆಕ್ಸೈಡ್ ಪುಡಿ ಮತ್ತು ನಾನು

ನಾನು ಕಾರವಾರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಊರು ಶಿರಸಿ ಹತ್ತಿರ, ಅಡಿಕೆ ತೋಟದ ಮನೆ. ಈ ಎರಡೂ ಸೇರದೆ ಇದ್ದರೆ ತೊಗರಿನ ನೀರಿಗೆ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿಗೆ, ಜಿಂಕ್ ಆಕ್ಸೈಡ್ ಹಾಕಿ ಬಿಸಿಲಿಗಿಡುವ ಬುದ್ಧಿ ನನಗೆ ಬರುತ್ತಿರಲಿಲ್ಲ.

ಶುರುವಾಗಿದ್ದು ಕೊನೆಯ ವರ್ಷದ ಮಕ್ಕಳ ಪ್ರಾಜೆಕ್ಟಿನಿಂದ: ಬಿಸಿಲು ಬಳಸಿ ನೀರಿನ ಕೊಳೆ ತೆಗೆಯುವುದು. ಜಿಂಕ್ ಆಕ್ಸೈಡ್ ಅಂದರೆ ಸತು ಮತ್ತು ಆಮ್ಲಜನಕ ಸೇರಿದ ಬಿಳಿ ಪುಡಿ. ಮುಲಾಮಿನಲ್ಲಿ, ಸನ್‌ಸ್ಕ್ರೀನಿನಲ್ಲಿ ಇರುವುದೂ ಇದೇ. ಇದನ್ನು ನೀರಲ್ಲಿ ಕದಡಿ ಬಿಸಿಲಿಗಿಟ್ಟರೆ ಬೆಳಕು ಬಿದ್ದ ಜಾಗದಲ್ಲಿ ಎಲೆಕ್ಟ್ರಾನ್ ಮೇಲೇಳುತ್ತದೆ, ಅದು ಬಿಟ್ಟ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗ ನೀರಿನಿಂದ ಹೈಡ್ರಾಕ್ಸಿಲ್ ರಾಡಿಕಲ್ ಅನ್ನುವ ಬಹಳ ಚುರುಕಿನ ತುಣುಕು ಹುಟ್ಟಿಸುತ್ತದೆ. ಎಲೆಕ್ಟ್ರಾನು ನೀರಲ್ಲಿ ಕರಗಿದ ಆಮ್ಲಜನಕವನ್ನು ಹಿಡಿಯುತ್ತದೆ. ಎರಡೂ ಸೇರಿ ಬಣ್ಣ, ಫೀನಾಲ್, ಔಷಧಿಯ ಉಳಿಕೆ, ಇಂಥ ಇಂಗಾಲದ ಅಣುಗಳನ್ನು ಕಚ್ಚಿ ಕಚ್ಚಿ ಒಡೆಯುತ್ತವೆ. ಪುಡಿ ಮಾತ್ರ ಹಾಗೇ ಉಳಿಯಬೇಕು. ಉಳಿಯುತ್ತದಾ? ಅದನ್ನು ಆಮೇಲೆ ಹೇಳುತ್ತೇನೆ.

ಪುಡಿ ಮಾಡಿಕೊಂಡಿದ್ದು ದಹನ ವಿಧಾನದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರ ತಂಡ 1980ರ ದಶಕದಲ್ಲಿ ಬೆಳೆಸಿದ ದಾರಿ ಇದು, ಖರ್ಚು ಕಡಿಮೆ. 2.97 ಗ್ರಾಂ ಜಿಂಕ್ ನೈಟ್ರೇಟ್, 1 ಗ್ರಾಂ ಯೂರಿಯಾ, 10 ಎಂ.ಎಲ್. ನೀರು. ಕರಗಿಸಿ, ಅಗಲ ಬಾಯಿಯ ಡಿಶ್‌ನಲ್ಲಿ 500 ಡಿಗ್ರಿಯ ಮಫಲ್ ಫರ್ನೇಸಿಗೆ (ಲ್ಯಾಬಿನ ಕರೆಂಟು ಕುಲುಮೆ) ಇಡುವುದು. ಮೊದಲು ಕುದಿಯುತ್ತದೆ, ಆಮೇಲೆ ಪಾಕದ ಹಾಗೆ ಗಟ್ಟಿಯಾಗಿ ನೊರೆ ಎದ್ದು, ಒಮ್ಮೆಲೇ ಹತ್ತಿಕೊಳ್ಳುತ್ತದೆ. ಕಂದು ಹೊಗೆ ಬಂದರೆ ಮೂಗು ಒಡ್ಡಬೇಡಿ, ಹೊಗೆಗೂಡು ಇಲ್ಲದ ಕೋಣೆಯಲ್ಲಿ ಇದನ್ನು ಮಾಡಲೇಬೇಡಿ. ಲೆಕ್ಕದ ಪ್ರಕಾರ 0.81 ಗ್ರಾಂ ಸಿಗಬೇಕು. ನೊರೆ ಉಕ್ಕಿ ಹಾರಿಹೋಗುವುದರಿಂದ ನಮಗೆ ಒಮ್ಮೆಯೂ ಅಷ್ಟು ಸಿಗಲಿಲ್ಲ.

ಮೊದಲ ದಿನ ಡಿಶ್ ಹೊರತೆಗೆದಾಗ ಪುಡಿ ಹಳದಿ! ಹುಡುಗಿಯರಿಬ್ಬರು ಮುಖ ಸಪ್ಪಗೆ ಮಾಡಿಕೊಂಡು ನಿಂತರು. ನಾನೂ ಒಂದು ಕ್ಷಣ ತಬ್ಬಿಬ್ಬಾದೆ. ಐದು ನಿಮಿಷ ಬಿಟ್ಟು ನೋಡಿದರೆ ಅಂಚಿನಿಂದ ಬೆಳ್ಳಗಾಗುತ್ತಾ ಬಂತು, ತಣಿದ ಮೇಲೆ ಪೂರ್ತಿ ಬಿಳಿ. ಜಿಂಕ್ ಆಕ್ಸೈಡ್ ಬಿಸಿಯಿದ್ದಾಗ ಹಳದಿ, ತಣ್ಣಗಾದಾಗ ಬಿಳಿ ಅಂತ ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೋ. ಕಣ್ಣೆದುರು ಬಂದಾಗ ನೆನಪಾಗಲಿಲ್ಲ.

ಯೂರಿಯಾ ಬದಲು ಮುರುಗಲು (ಕೋಕಂ) ಸಿಪ್ಪೆಯ ರಸವನ್ನೂ ಹಾಕಿ ನೋಡಿದೆವು. ಅದರ ಹುಳಿ ಸುಡಲು ಒಳ್ಳೆಯ ಇಂಧನ ಹೌದು. ಆದರೆ ಪುಡಿ ಬೂದಿ ಬಣ್ಣದ್ದಾಯ್ತು, ಒಳಗೆ ಇದ್ದಿಲು ಉಳಿದಿತ್ತು. ಮತ್ತೆ ಎರಡು ಗಂಟೆ 500 ಡಿಗ್ರಿಯಲ್ಲಿ ಸುಟ್ಟ ಮೇಲೆ ಬೆಳ್ಳಗಾಯ್ತು. ಇಷ್ಟು ಕರೆಂಟು ಉರಿಸಿ ಇದಕ್ಕೆ ಹಸಿರು ವಿಧಾನ ಅಂತ ಹೆಸರಿಡುವುದು ನನಗೆ ಸರಿ ಕಾಣುವುದಿಲ್ಲ. ಮುರುಗಲು ಶರಬತ್ತಿಗೇ ಇರಲಿ.

ಪರೀಕ್ಷೆಗೆ ಎಲ್ಲರೂ ಬಳಸುವ ಮೆಥಿಲೀನ್ ಬ್ಲೂ ಬಣ್ಣ. ಲೀಟರಿಗೆ 10 ಮಿಲಿಗ್ರಾಂ. ಅದರ 100 ಎಂ.ಎಲ್.ಗೆ 50 ಮಿಲಿಗ್ರಾಂ ಪುಡಿ. ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಲಕಿ, ಆಮೇಲೆ ಕಾಲೇಜಿನ ಟೆರೇಸಿನಲ್ಲಿ ಹನ್ನೊಂದರ ಬಿಸಿಲಿಗೆ. ಮಧ್ಯಾಹ್ನದ ಊಟದ ಹೊತ್ತಿಗೆ ನೀಲಿ ಹೋಗಿತ್ತು. ಮಕ್ಕಳು ಫೋಟೋ ತೆಗೆದರು, ನಾನು ಖುಷಿಯಲ್ಲಿ ಚಾ ಕೊಡಿಸಿದೆ.

ಆದರೆ ನೀರು ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಮೀಟರಿನ ಅಂಕಿ ಕುಣಿಯುತ್ತಿತ್ತು. ಕಣ್ಣಿಗೆ ಬಣ್ಣ ಇಲ್ಲ, ಮೆಥಿಲೀನ್ ಬ್ಲೂ ಬೆಳಕು ಹೀರುವ 664 ನ್ಯಾನೋಮೀಟರಿನಲ್ಲಿ ಮಾತ್ರ ಇನ್ನೂ ಏನೋ ಇದೆ ಅನ್ನುತ್ತದೆ. ಸ್ಯಾಂಪಲನ್ನು ಜೋರಾಗಿ ತಿರುಗಿಸುವ ನಮ್ಮ ಹಳೇ ಸೆಂಟ್ರಿಫ್ಯೂಜ್ ಸಣ್ಣ ಪುಡಿಯನ್ನು ಪೂರ್ತಿ ಕೆಳಗಿಳಿಸುತ್ತಿರಲಿಲ್ಲ, ತೇಲುವ ಕಣಗಳು ಬೆಳಕು ಚೆದರಿಸುತ್ತಿದ್ದವು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆವು: ಪ್ರತಿ ಸ್ಯಾಂಪಲನ್ನೂ 800ರಲ್ಲೂ ಒಮ್ಮೆ ಓದುವುದು. ಅಲ್ಲಿ ಈ ಬಣ್ಣ ಬೆಳಕು ಹೀರುವುದಿಲ್ಲ. ಅಲ್ಲೂ ಅಂಕಿ ಬಂದರೆ ಅದು ಪುಡಿಯದ್ದು, ಇನ್ನೊಮ್ಮೆ ತಿರುಗಿಸಬೇಕು. ಇದನ್ನು ಯಾರೂ ಮೊದಲೇ ಹೇಳಿಕೊಡಲಿಲ್ಲ, ಎರಡು ವಾರ ಹಾಳಾಯ್ತು.

ಡಿಸೆಂಬರ್ ರಜೆಯಲ್ಲಿ ಪುಡಿ ಕಟ್ಟಿಕೊಂಡು ಊರಿಗೆ ಹೋದೆ. ಅಡಿಕೆ ಬೇಯಿಸುವ ಕಾಲ. ಹಂಡೆಯಿಂದ ಒಂದು ಚೊಂಬು ತೊಗರು ತೆಗೆಯುವುದನ್ನು ಆಯಿ ನೋಡಿದಳು.

“ಅದೆಂತಕ್ಕೋ ಮಾಣಿ?”

ನೀರಿನ ಕೊಳೆ ತೆಗೆಯುವ ಪ್ರಯೋಗ ಅಂದೆ.

“ಕೊಳೆನಾ? ತೊಗರು ಚೆಲ್ಲಿದ್ರೆ ಅಡಿಕೆಗೆ ಬಣ್ಣ ಎಲ್ಲಿಂದ ತರದು?”

ಸರಿಯೇ. ತೊಗರನ್ನು ಯಾರೂ ಚೆಲ್ಲುವುದಿಲ್ಲ, ಗಟ್ಟಿ ಮಾಡಿ ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುತ್ತಾರೆ. ಚರಂಡಿಗೆ ಹೋಗುವುದು ಹಂಡೆ ತೊಳೆದ ನೀರು. ಅದರಲ್ಲೂ ಅದೇ ಟ್ಯಾನಿನ್, ಅಂದರೆ ತೊಗರಿಗೆ ಒಗರು, ಬಣ್ಣ ಕೊಡುವ ವಸ್ತು. ಸರಿ, ಅದನ್ನೇ ತೆಗೆದುಕೊಂಡೆ.

ಅಂಗಳದಲ್ಲಿ ಮಂಜು ಬೇರೆ. ಅಡಿಕೆ ಒಣಗಿಸುವ ಪಾಲಿಕಾರ್ಬೊನೇಟ್ ಮಾಡಿನ ಗೂಡಿನೊಳಗೆ ಒಳ್ಳೇ ಬಿಸಿ ಇತ್ತು, ಬೀಕರುಗಳನ್ನು ಅಲ್ಲೇ ಇಟ್ಟೆ. ಹೋಲಿಕೆಗೆ ಒಂದು ಮೆಥಿಲೀನ್ ಬ್ಲೂ ಬೀಕರೂ ಇತ್ತು. ಸಂಜೆ ನೋಡಿದರೆ ಅದೂ ಹೆಚ್ಚುಕಡಿಮೆ ಹಾಗೇ ನೀಲಿ! ಪುಡಿ ಕೆಟ್ಟಿತು ಅಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ಜಿಂಕ್ ಆಕ್ಸೈಡಿಗೆ ಬೇಕಾದದ್ದು ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ, ಅಂದರೆ ಹೆಚ್ಚುಕಡಿಮೆ 375 ನ್ಯಾನೋಮೀಟರಿಗಿಂತ ಗಿಡ್ಡ ತರಂಗದ ನೇರಳಾತೀತ ಬೆಳಕು. ಪಾಲಿಕಾರ್ಬೊನೇಟ್ ಸರಿಯಾಗಿ ಅದನ್ನೇ ತಡೆಯುತ್ತದೆ. ಬಿಸಿಲಿನಲ್ಲಿ ನೇರಳಾತೀತ ಪಾಲು ಮೊದಲೇ ನೂರಕ್ಕೆ ಐದರಷ್ಟು, ಅದನ್ನೂ ನಾನು ಮಾಡು ಹಾಕಿ ತಪ್ಪಿಸಿದ್ದೆ. ಇದಕ್ಕೆ ಬೇಕಿದ್ದದ್ದು ಬೆಳಕು, ಬಿಸಿ ಅಲ್ಲ.

ಮಾರನೇ ದಿನ ಬಯಲಲ್ಲಿಟ್ಟೆ. ಹಂಡೆ ತೊಳೆದ ನೀರಿನ ಕೆಂಪು ಚೆನ್ನಾಗಿಯೇ ಇಳಿಯಿತು. ಅಭ್ಯಾಸಬಲದಿಂದ ಒಂದು ಬೀಕರನ್ನು ಗೋಣಿಚೀಲ ಮುಚ್ಚಿ ಕತ್ತಲಲ್ಲೂ ಇಟ್ಟಿದ್ದೆ. ತೆಗೆದು ನೋಡಿದರೆ ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿದೆ. ಕೆಳಗೆ ಕೂತ ಪುಡಿ ಚಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಟ್ಯಾನಿನ್ ಒಡೆದಿರಲಿಲ್ಲ, ಪುಡಿಗೆ ಅಂಟಿಕೊಂಡಿತ್ತು ಅಷ್ಟೇ. ಆ ಕತ್ತಲಿನ ಬೀಕರ್ ಇಲ್ಲದಿದ್ದರೆ ನಾನು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ.

ಕಾರವಾರಕ್ಕೆ ವಾಪಸು ಬಂದು ಮೆಥಿಲೀನ್ ಬ್ಲೂ ಮೇಲೂ ಅನುಮಾನ ಶುರುವಾಯ್ತು. ಪುಡಿಯೇ ಇಲ್ಲದೆ ಬಿಸಿಲಿಗಿಟ್ಟರೂ ಅದು ನಿಧಾನ ಮಾಸುತ್ತದೆ. ಬಣ್ಣ ಹೋದ ನೀರಿನ ಸಿ.ಒ.ಡಿ. ನೋಡಿದೆವು, ಅಂದರೆ ಡೈಕ್ರೋಮೇಟ್ ಹಾಕಿ ಉಳಿದ ಇಂಗಾಲದ ಕೊಳೆಯನ್ನು ಸುಟ್ಟು ಅಳೆಯುವುದು. ಬಣ್ಣ ಪೂರ್ತಿ ಹೋಗಿದ್ದರೂ ಸಿ.ಒ.ಡಿ. ಅಷ್ಟು ಇಳಿದಿರಲಿಲ್ಲ. ಅಣು ತುಂಡಾಗಿ ಬಣ್ಣ ಕಳೆದುಕೊಂಡಿದೆ, ತುಂಡುಗಳು ನೀರಲ್ಲೇ ಇವೆ. ಇನ್ನೂ ಎರಡು ಮೂರು ಗಂಟೆ ಬಿಸಿಲು ಬೇಕಾಯ್ತು. ಡಿಸ್ಟಿಲ್ಡ್ ನೀರಿನ ಬದಲು ಬೀಚಿನಿಂದ ತಂದ ನೀರಲ್ಲಿ ಮಾಡಿದರೆ ಇನ್ನೂ ನಿಧಾನ. ಉಪ್ಪಿನ ಕ್ಲೋರೈಡು ರಾಡಿಕಲ್‌ಗಳನ್ನು ಮಧ್ಯದಲ್ಲೇ ಹಿಡಿದುಬಿಡುತ್ತದೆ. ಬಾವಿ ನೀರಿನ ಬೈಕಾರ್ಬೊನೇಟೂ ಅದೇ ಕೆಲಸ ಮಾಡುತ್ತದೆ.

ಇನ್ನು ಪುಡಿ ಉಳಿಯುತ್ತದಾ ಅನ್ನುವ ಮಾತು. ನಾಲ್ಕನೇ ಸಲಕ್ಕೆ ಅದರ ಚುರುಕು ಕಮ್ಮಿಯಾಗಿತ್ತು. ಸೋಸಿದ ನೀರನ್ನು ಇ.ಡಿ.ಟಿ.ಎ. ಟೈಟ್ರೇಶನ್ (ಕರಗಿದ ಲೋಹ ಅಳೆಯುವ ಪರೀಕ್ಷೆ) ಮಾಡಿದರೆ ಸತು ಸಿಕ್ಕಿತು. ಬೆಳಕಲ್ಲಿ ಪುಡಿ ತನ್ನನ್ನೇ ಸ್ವಲ್ಪ ತಿನ್ನುತ್ತದೆ, ನೀರು ಹುಳಿಯಾದರೆ ಇನ್ನೂ ಜಾಸ್ತಿ ಕರಗುತ್ತದೆ. ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನಕ ಒಪ್ಪುವ ಸತು ಲೀಟರಿಗೆ 5 ಮಿಲಿಗ್ರಾಂ. ಮೀನಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು ತೊಂದರೆಯಾಗಲು. ಹಾಗಾಗಿ ಬಳಸಿದ ನೀರನ್ನು ಸಿಂಕಿಗೆ ಬಿಡುವುದಿಲ್ಲ. ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿ ಸತು ಗಷ್ಟಾಗಿ ಕೂತ ಮೇಲೆ ತಿಳಿ ಬೇರೆ ಮಾಡುತ್ತೇವೆ. ಸೋಡಾ ಜಾಸ್ತಿಯಾದರೆ ಕೂತದ್ದು ಮತ್ತೆ ಕರಗುತ್ತದೆ, ಒಮ್ಮೆ ಆ ತಪ್ಪೂ ಆಗಿದೆ.

ಈ ವರ್ಷ ಪುಡಿಯನ್ನು ಗಾಜಿನ ಸ್ಲೈಡಿಗೆ ಹಚ್ಚಿ ಸುಟ್ಟು, ಹಂಡೆ ತೊಳೆದ ಕೊನೆಯ ತೆಳು ನೀರಲ್ಲಿ ನಿಲ್ಲಿಸಿದ್ದೇವೆ. ನೀರು ತೆಳುವಾಗಿದ್ದರೆ ಬೆಳಕು ಸ್ಲೈಡಿನವರೆಗೂ ಹೋಗುತ್ತದೆ. ಎರಡು ದಿನದ ಬಿಸಿಲಿಗೆ ಬಣ್ಣ ಹೋಗಿದೆ, ಕತ್ತಲಲ್ಲಿಟ್ಟದ್ದರಲ್ಲಿ ಹೋಗಿಲ್ಲ. ಸಿ.ಒ.ಡಿ. ಮಾತ್ರ ಬಾಕಿ. ಅದಕ್ಕೆ ಬೇಕಾದ ಮರ್ಕ್ಯುರಿಕ್ ಸಲ್ಫೇಟ್ ಬಾಟಲಿ ಖಾಲಿಯಾಗಿ ಒಂದೂವರೆ ತಿಂಗಳಾಯ್ತು. ಸ್ಯಾಂಪಲ್‌ಗಳು ಲ್ಯಾಬಿನ ಫ್ರಿಜ್ಜಿನಲ್ಲಿವೆ. ಬಿಸಿಲಿಗಿಡದ ಬಾಟಲಿ ಥೇಟ್ ಮುರುಗಲು ಶರಬತ್ತಿನ ಬಣ್ಣ, ಅದಕ್ಕೇ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ: ಕುಡಿಯಬೇಡಿ.