ಸ್ಟೋರ್ ಕೀ ಅವರ ಕೈಗೇ ಕೊಟ್ಟೆ

ನಾನು ಪ್ಯಾಕಿಂಗ್ ಸೆಕ್ಷನ್‌ಗೆ ಸೂಪರ್‌ವೈಸರ್ ಆದಾಗ ನನ್ ಕೈ ಕೆಳಗೆ 14 ಜನ. ಮೊದಲನೇ ವರ್ಷ ಪೂರ್ತಿ ನಾನ್ ಮಾಡಿದ್ದು ಬರೀ ಕಾವಲು. ಒಂದು ಟೇಪ್ ರೋಲ್ ಬೇಕಂದ್ರೂ ನನ್ನೇ ಕೇಳ್ಬೇಕು, ನಾನೇ ಬೀಗ ತೆಗೀಬೇಕು, ಸೈನ್ ಹಾಕಿಸ್ಕೋಬೇಕು, ಸಾಯಂಕಾಲ ಹೋಗೋವಾಗ ಎಲ್ರದ್ದೂ ಬ್ಯಾಗ್ ಚೆಕ್ಕು. ಇಷ್ಟಾದ್ರೂ ಟೇಪ್ ಲೆಕ್ಕಕ್ಕಿಂತ ಜಾಸ್ತಿನೇ ಖರ್ಚಾಗ್ತಿತ್ತು.

ಒಂದಿನ ಎಲ್ರಿಗಿಂತ ಹಿರಿಯಮ್ಮ ಒಬ್ರು ಬ್ಯಾಗ್ ಬಿಚ್ಚಿ ತೋರಿಸ್ತಾ "ನೋಡ್ಕೊಳ್ಳಿ ಸಾರ್, ಇವತ್ತೂ ಕದ್ದಿಲ್ಲ" ಅಂದ್ರು. ನಗ್ತಾನೇ ಅಂದ್ರು. ನಂಗೆ ಮಾತ್ರ ಅವತ್ತು ನಿದ್ದೆ ಬರ್ಲಿಲ್ಲ.

ಡಗ್ಲಸ್ ಮೆಕ್‌ಗ್ರೆಗರ್ ಅಂತ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಒಬ್ಬ 1960ರಲ್ಲೇ ಬರೆದಿದ್ದ. ಜನ ಸೋಮಾರಿಗಳು, ಬೆನ್ನ ಹಿಂದೆ ನಿಂತ್ರೇನೇ ಕೆಲ್ಸ ಆಗೋದು ಅಂತ ನಂಬೋದು ಎಕ್ಸ್ ಥಿಯರಿ, ಜವಾಬ್ದಾರಿ ಕೊಟ್ರೆ ತಾವೇ ಹೊರ್ತಾರೆ ಅನ್ನೋದು ವೈ. ಟ್ರೈನಿಂಗಲ್ಲಿ ಇದನ್ನ ಬರೆದು ಮಾರ್ಕ್ಸೂ ತಗೊಂಡಿದ್ದೆ, ಕೆಲ್ಸಕ್ಕೆ ಬಂದ್ಮೇಲೆ ಮಾಡಿದ್ದೆಲ್ಲಾ ಎಕ್ಸೇ!

ಸರಿ, ಕೀ ಗೋಡೆ ಮೊಳೆಗೆ ನೇತು ಹಾಕ್ದೆ, ಸ್ಟಾಕ್ ರಿಜಿಸ್ಟರ್ ಅವರೇ ಬರೀಲಿ ಅಂದೆ. ಬ್ಯಾಗ್ ಚೆಕ್ ನಿಲ್ಸೋಕೆ ಮೇಲಿನೋರನ್ನ ಒಪ್ಸೋದ್ರಲ್ಲಿ ಎರಡು ತಿಂಗಳು ಹೋಯ್ತು. ಆದ್ರೆ ನಿಜವಾಗ್ಲೂ ಕಷ್ಟ ಆಗಿದ್ದು ಬೇರೆದು, ತಪ್ಪು ಮಾಡಿದೋರನ್ನ ಎಲ್ರ ಮುಂದೆ ಬಯ್ಯಬಾರ್ದು, ಪಕ್ಕಕ್ಕೆ ಕರ್ದು ಮಾತಾಡ್ಬೇಕು ಅಂತ ನಂಗೆ ನಾನೇ ಹಾಕ್ಕೊಂಡ ರೂಲು. ನನ್ ಬಾಯಿ ಅಂಥದ್ದು, ಎರಡ್ಮೂರು ಸಲ ತಪ್ಪಿದೆ, ತಪ್ಪಿದಾಗ ಎಲ್ರ ಮುಂದೆನೇ ಸಾರಿ ಕೇಳ್ದೆ.

ರಿಜಿಸ್ಟರ್ ಅವರ ಕೈಗೆ ಹೋಗಿ ಒಂದು ತಿಂಗಳಾಗಿರ್ಬೇಕು, ಅದೇ ಹಿರಿಯಮ್ಮ ಬಂದು, ಟೇಪ್ ಕಟ್ ಮಾಡೋ ಮಿಷಿನ್ ಬ್ಲೇಡ್ ಮೊಂಡಾಗಿದೆ ಸಾರ್, ಎಳೆದಾಗೆಲ್ಲಾ ಗೇಣುದ್ದ ವೇಸ್ಟ್ ಆಗುತ್ತೆ ಅಂದ್ರು. ಎಷ್ಟು ದಿನದಿಂದ ಅಂದೆ. ನೀವು ಬರೋಕ್ ಮುಂಚಿಂದ ಅಂದ್ರು! ಯಾಕೆ ಹೇಳ್ಲಿಲ್ಲ ಅಂದ್ರೆ "ಹೇಳಿದ್ರೆ ಮೊಂಡು ಮಾಡಿದ್ದು ಯಾರು ಅಂತಿದ್ರಿ". ಹೌದು, ಹಾಗೇ ಅಂತಿದ್ದೆ. ಬ್ಲೇಡ್ ಬದಲಾಯ್ಸಿದ್ವಿ, ಟೇಪ್ ಲೆಕ್ಕ ಸರಿಹೋಯ್ತು. ವರ್ಷ ಪೂರ್ತಿ ಕಳ್ಳನ್ನ ಹುಡುಕಿದ್ದೆ, ಕಳ್ಳ ಇರ್ಲೇ ಇಲ್ಲ.

ಇಷ್ಟಕ್ಕೇ ನಾನು ಉಬ್ಬಿ ಹೋಗಿದ್ದಾಗ ಒಬ್ಬ ಹುಡ್ಗ "ಮರ್ಯಾದೆ ಎಲ್ಲಾ ಸರಿ ಸಾರ್, ಓವರ್‌ಟೈಮ್ ದುಡ್ಡು ಯಾವಾಗ?" ಅಂದ. ಅವ್ನು ಕೇಳಿದ್ದು ನ್ಯಾಯನೇ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಲಿ 23ನೇ ವಿಧಿ ಮನುಷ್ಯನ ಘನತೆ ಅನ್ನೋ ಮಾತನ್ನ ಸಂಬಳದ ಜೊತೆಗೇ ಸೇರ್ಸಿದೆ. ಆ ಓವರ್‌ಟೈಮ್ ಫೈಲ್ ಹಿಡ್ಕೊಂಡು ಈಗ ಅಕೌಂಟ್ಸ್‌ಗೆ ಓಡಾಡ್ತಾ ಇದೀನಿ.